ಒಂದೇ ಭಾನುವಾರದ ಇಪ್ಪತ್ತು ವರ್ಷ

ಫ್ಲ್ಯಾಶಪ್ಪ ತನ್ನ ಮನೆಯವರ ಇಪ್ಪತ್ತು ವರ್ಷದ ಚರಿತ್ರೆಯನ್ನು ಹಾಳು ಮಾಡಿದ್ದು ಒಂದು ಭಾನುವಾರ ಬೆಳಿಗ್ಗೆ, ಬನಿಯನ್ನಿನಲ್ಲಿ ಕೂತು, ಕಾಫಿ ಕುಡಿಯುತ್ತಾ. ಕೆಟ್ಟ ಉದ್ದೇಶವೇನೂ ಇರಲಿಲ್ಲ. ಕೆಟ್ಟ ಉದ್ದೇಶ ಇಟ್ಟುಕೊಂಡವರು ಸ್ವಲ್ಪ ಎಚ್ಚರಿಕೆಯಿಂದಲಾದರೂ ಕೆಲಸ ಮಾಡುತ್ತಾರೆ.

ಅವನ ಕೆಲಸ ಕನ್ನಡಕದ ಅಂಗಡಿಯಲ್ಲಿ. ಗಾಜನ್ನು ಅಳತೆಗೆ ಉಜ್ಜಿ ಫ್ರೇಮಿಗೆ ಕೂರಿಸುವುದು, ಸಡಿಲವಾದ ಕಿವಿಕಡ್ಡಿಗೆ ಪುಟ್ಟ ತಿರುಪು ಹಾಕುವುದು. ಆ ಕೆಲಸ ಸಿಕ್ಕ ಹೊಸದರಲ್ಲಿ, ಇನ್ನೂ ಮದುವೆಯಾಗುವ ಮೊದಲೇ, ಒಂದು ಡಿಜಿಟಲ್ ಕ್ಯಾಮೆರಾ ಕೊಂಡು ತಂದಿದ್ದ. ಮಟಮಟ ಮಧ್ಯಾಹ್ನದ ಬಿಸಿಲಲ್ಲೂ ಫ್ಲ್ಯಾಶ್ ಹೊಡೆದು ಎಲ್ಲರ ಕಣ್ಣಿಗೆ ಕತ್ತಲೆ ಕವಿಸುತ್ತಿದ್ದುದರಿಂದ ಅವನಮ್ಮ ಈ ಹೆಸರಿಟ್ಟಳು. ಆ ಕಾಲದ ಫೋಟೋಗಳಲ್ಲಿ ಮನೆಯವರೆಲ್ಲ ಹುಳಿ ಕಚ್ಚಿದವರ ಹಾಗೆ ಮುಖ ಮಾಡಿಕೊಂಡಿದ್ದಾರೆ. ಈಗ ಅವನಿಗೆ ನಲವತ್ತು ದಾಟಿ ತಲೆ ನರೆಯುತ್ತಿದೆ, ಹೆಸರು ಮಾತ್ರ ಬಿಟ್ಟಿಲ್ಲ. ಅಂಗಡಿಯ ಯಜಮಾನರೂ ಹಾಗೇ ಕೂಗುತ್ತಾರೆ.

ಮುಂದಿನ ತಿಂಗಳು ಅಮ್ಮನಿಗೆ ಎಂಬತ್ತು ತುಂಬುತ್ತಿತ್ತು. ಆ ದಿನಕ್ಕೆ ದಪ್ಪನೆಯ ಒಂದು ಆಲ್ಬಂ ಮಾಡಿಸಿ ಅಮ್ಮನ ಕೈಗಿಡಬೇಕು, ಮೊದಲ ಪುಟದಿಂದ ಕೊನೆಯವರೆಗೆ ವರ್ಷದ ಪ್ರಕಾರ ಎಲ್ಲ ಬರಬೇಕು ಎಂದು ಫ್ಲ್ಯಾಶಪ್ಪನ ಆಸೆ. ಫೋಟೋಗಳೆಲ್ಲ ಕಂಪ್ಯೂಟರಿನಲ್ಲಿದ್ದವು. ಆದರೆ ಹಳೆಯವು ಮಂಕಾಗಿದ್ದವು, ಕೆಲವುಗಳಲ್ಲಿ ಗೋಡೆಯೂ ಮುಖವೂ ಒಂದೇ ಹಳದಿ. ಯಾರೋ ಗಿರಾಕಿ ಹೇಳಿದ್ದನ್ನು ಕೇಳಿ ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರ್ ಹಾಕಿಕೊಂಡ. ಅದರಲ್ಲಿ ಒಂದೇ ಒಂದು ದೊಡ್ಡ ಗುಂಡಿ ಇತ್ತು: ‘ಎಲ್ಲವನ್ನೂ ಸುಂದರಗೊಳಿಸು’.

ಒತ್ತಿದ. ಹಳೆಯದರ ಮೇಲೆಯೇ ಉಳಿಸಲೇ ಎಂದು ಅದು ಕೇಳಿತು. ಹೌದು. ಅನಗತ್ಯ ಮಾಹಿತಿ ತೆಗೆದು ಫೈಲ್ ಹಗುರ ಮಾಡಲೇ ಎಂದು ಕೇಳಿತು. ಅದೇ ವಾರ ಡಾಕ್ಟರು ಅವನಿಗೂ ಹಗುರಾಗಲು ಹೇಳಿದ್ದರು. ಆ ಶಬ್ದ ಕೇಳಿಯೇ ಒಳ್ಳೆಯದೆನಿಸಿತು. ಹೌದು. ಹೊಸ ಹೆಸರು ಕೊಡಲೇ? ಹೌದು, ಹೌದು, ಕೊಡು ಮಾರಾಯ. ಒಂದು ಲೋಟ ಕಾಫಿ ಮುಗಿಯುವಷ್ಟರಲ್ಲಿ ಮನೆತನವೆಲ್ಲ ಬೆಳ್ಳಗಾಗಿ ಕೂತಿತು.

ಅವನ ಹೆಂಡತಿ ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿ ಕೆಲಸ ಮಾಡುವವಳು. ಬೆಳಗಿನ ಪಾಳಿ ಮುಗಿಸಿ ಬಂದು ಚಪ್ಪಲಿ ಬಿಡುವುದರೊಳಗೆ ಅವಳನ್ನು ಎಳೆದು ತಂದು ಪರದೆಯ ಮುಂದೆ ನಿಲ್ಲಿಸಿದ.

“ನೋಡೇ, ಅಮ್ಮನ ಮುಖ ಹೇಗೆ ಹೊಳೀತಿದೆ!”

ಅವಳು ಮುಖ ನೋಡಲಿಲ್ಲ. ಕೆಳಗೆ, ಮೂಲೆಯಲ್ಲಿ ನೋಡಿದಳು. ಇನ್ನೊಂದು ಫೋಟೋ ತೆರೆದಳು. ಮತ್ತೊಂದು.

“ರೀ, ನಮ್ಮ ಮದುವೆ ಯಾವತ್ತಾಯ್ತು?”

“ಇದೇನು ಪರೀಕ್ಷೆನಾ?”

“ಇವತ್ತಾಯ್ತಂತೆ. ಇದರಲ್ಲಿ ಹಾಗಂತ ಇದೆ. ಅತ್ತೆ ಕಣ್ಣಿನ ಆಪರೇಷನ್ ಇವತ್ತೇ. ದೊಡ್ಡತ್ತಿಗೆ ಹೊಸ ಮನೆಗೆ ಹೋದದ್ದು ಇವತ್ತೇ. ನೀವು ಬೈಕಿಂದ ಬಿದ್ದು ಕೈ ಮುರ್ಕೊಂಡಿದ್ದೂ ಇವತ್ತೇ. ಅದಕ್ಕೇ ನನಗೆ ಬೆಳಿಗ್ಗೆಯಿಂದ ಇಷ್ಟು ಸುಸ್ತು.”

ಫ್ಲ್ಯಾಶಪ್ಪ ನಕ್ಕ. ಅವಳು ನಗಲಿಲ್ಲವೆಂದು ಗೊತ್ತಾದ ಮೇಲೆ ನಿಲ್ಲಿಸಿದ.

“ಕ್ಯಾಮೆರಾ ಬರೀ ಚಿತ್ರ ತೆಗೆಯಲ್ಲ ಕಣ್ರೀ,” ಎಂದು ಅವಳು ಕುರ್ಚಿ ಎಳೆದು ಕೂತಳು. “ಫೋಟೋದ ಹೊಟ್ಟೆಯೊಳಗೆ ಒಂದಷ್ಟು ವಿಷಯ ಸೇರಿಸಿ ಇಡುತ್ತೆ. ಯಾವ ದಿನ, ಎಷ್ಟು ಹೊತ್ತಿಗೆ, ಯಾವ ಕ್ಯಾಮೆರಾ, ಫ್ಲ್ಯಾಶ್ ಹೊಡೀತಾ ಇಲ್ವಾ, ಎಲ್ಲ. ಮೆಟಾಡೇಟಾ ಅಂತಾರೆ. ನಮ್ಮ ಎಕ್ಸ್-ರೇಲೂ ಇರುತ್ತೆ. ಮೂಳೆ ಚೆನ್ನಾಗಿ ಕಾಣಲಿ ಅಂತ ನಾವೂ ಬೆಳಕು ಹೆಚ್ಚುಕಮ್ಮಿ ಮಾಡ್ತೀವಿ. ಆದರೆ ಹೆಸರು, ತಾರೀಕು ಅಳಿಸಿಬಿಟ್ರೆ? ಯಾರದೋ ಕಾಲು ಮುರಿದಿದ್ದಕ್ಕೆ ಡಾಕ್ಟರು ಇನ್ಯಾರಿಗೋ ಬ್ಯಾಂಡೇಜ್ ಸುತ್ತಿ ಕಳಿಸ್ತಾರೆ.”

“ಅದು ಅನಗತ್ಯ ಮಾಹಿತಿ ಅಂತ ಕೇಳಿತ್ತು!”

“ಮುರಿದಿರೋದು ನಿಮ್ಮ ಕಾಲು ಅಲ್ಲದಿರೋವರೆಗೂ ಅನಗತ್ಯವೇ.”

ನಕಲು ಎಲ್ಲೂ ಇರಲಿಲ್ಲ. ಹಳೆಯದರ ಮೇಲೆಯೇ ಉಳಿಸಿದ್ದರಿಂದ ಕಂಪ್ಯೂಟರಿನ ಕಸದ ಬುಟ್ಟಿಯಲ್ಲೂ ಏನೂ ಸಿಗಲಿಲ್ಲ. ಸಾಫ್ಟ್‌ವೇರ್ ಬಣ್ಣದ ಲೆಕ್ಕದಲ್ಲಿ ಹೊಸ ಹೆಸರು ಕೊಟ್ಟಿದ್ದರಿಂದ ಕೆಂಪು ಬಟ್ಟೆಯವರೆಲ್ಲ ಒಂದು ಕಡೆ, ನೀಲಿ ಬಟ್ಟೆಯವರೆಲ್ಲ ಒಂದು ಕಡೆ ಸೇರಿ, ಇಪ್ಪತ್ತು ವರ್ಷ ಕಲಸಿಹೋಗಿತ್ತು.

ಆಮೇಲಿನ ದಿನಗಳಲ್ಲಿ ಗಂಡ ಹೆಂಡತಿ ಊಟದ ಮೇಜಿನ ಮೇಲೆ ಕಂಪ್ಯೂಟರ್ ಇಟ್ಟುಕೊಂಡು ಪತ್ತೇದಾರರಾದರು. ಫ್ಲ್ಯಾಶಪ್ಪನ ದೊಡ್ಡಕ್ಕನ ಗಂಡ, ದೊಡ್ಡ ಭಾವನ ಕೂದಲು ಬಹಳ ಉಪಕಾರ ಮಾಡಿತು. ಅದು ಹಣೆಯಿಂದ ಶುರುವಾಗಿ ವರ್ಷವರ್ಷವೂ ಶಿಸ್ತಿನಿಂದ ಹಿಂದೆ ಸರಿದಿತ್ತು. ಎಷ್ಟು ಸರಿದಿದೆ ಎಂದು ನೋಡಿದರೆ ಇಸವಿ ಸಿಗುತ್ತಿತ್ತು. ನಡುವೆ ಒಮ್ಮೆ ಅವರು ವಿಗ್ಗು ಹಾಕಿದ್ದರು. ಆ ಕಾಲ ಬಂದಾಗ ಇಬ್ಬರೂ ದಾರಿ ತಪ್ಪಿದರು. ಅಲ್ಲಿ ಫ್ಲ್ಯಾಶಪ್ಪನ ಕಸುಬು ಕೈಹಿಡಿಯಿತು. ಮನೆಯವರ ಮೂಗಿನ ಮೇಲಿನ ಕನ್ನಡಕಗಳೆಲ್ಲ ಅವನೇ ಕೂರಿಸಿದವು. “ಇದು ಅಮ್ಮ ಬಸ್ಸಲ್ಲಿ ಬಿಟ್ಟುಬಂದ ಫ್ರೇಮು. ಅಂದರೆ ಇದು ಕಣ್ಣಿನ ಆಪರೇಷನ್ನಿಗೆ ಮೊದಲು,” ಎಂದು ಅವನು ಹೇಳುವಾಗ ಹೆಂಡತಿಗೂ ಸ್ವಲ್ಪ ಹೆಮ್ಮೆಯಾಗುತ್ತಿತ್ತು, ತೋರಿಸಿಕೊಳ್ಳುತ್ತಿರಲಿಲ್ಲ.

ಹೀಗೆ ಮುಕ್ಕಾಲು ಭಾಗ ಸರಿಹೋಯಿತು. ಸಿಕ್ಕಿಕೊಂಡದ್ದು ಮಕ್ಕಳ ಹತ್ತಿರ. ಎಳೆ ಮಕ್ಕಳಿಗೆ ಕೂದಲೂ ಇಲ್ಲ, ಕನ್ನಡಕವೂ ಇಲ್ಲ.

ಫ್ಲ್ಯಾಶಪ್ಪನಿಗೆ ಇಬ್ಬರು ಅಕ್ಕಂದಿರು. ಅವನು ಕ್ಯಾಮೆರಾ ಕೊಂಡ ವರ್ಷವೇ ಇಬ್ಬರೂ ಒಟ್ಟಿಗೆ ಹೆರಿಗೆಗೆಂದು ಅಮ್ಮನ ಮನೆಗೆ ಬಂದಿದ್ದರು. ದೊಡ್ಡಕ್ಕನಿಗೆ ಮಗಳು, ಕೆಲವೇ ವಾರಗಳ ನಂತರ ಚಿಕ್ಕಕ್ಕನಿಗೆ ಮಗ. ಒಂದೇ ತೊಟ್ಟಿಲು, ಒಂದೇ ಟೋಪಿ, ಒಂದೇ ಹೊದಿಕೆ. ಬಟ್ಟೆಯಲ್ಲಿ ಸುತ್ತಿಟ್ಟ ಮೇಲೆ ಯಾವುದು ಯಾರದು ಎಂದು ಹೆತ್ತವರೂ ಬಿಚ್ಚಿ ನೋಡಿಯೇ ಹೇಳಬೇಕಿತ್ತು.

ಆ ಫೋಟೋಗಳಲ್ಲಿ ಒಂದು ಇತ್ತು. ಅಮ್ಮನ ತೊಡೆಯ ಮೇಲೆ ಒಂದು ಮಗು. ಅಮ್ಮ ಕಟ್ಟಿಸಿಕೊಂಡ ಹಲ್ಲು ತೆಗೆದಿಟ್ಟಿದ್ದಾಳೆ, ಕನ್ನಡಕವೂ ಇಲ್ಲ. ಮಗು ಹಲ್ಲಿಲ್ಲದ ಬಾಯಿ ಅಗಲ ತೆರೆದು ನಗುತ್ತಿದೆ, ಅಮ್ಮನೂ ಹಲ್ಲಿಲ್ಲದ ಬಾಯಿ ಅಗಲ ತೆರೆದು ನಗುತ್ತಿದ್ದಾಳೆ. ಇಬ್ಬರಿಗೂ ಪ್ರಪಂಚದ ಪರಿವೆಯೇ ಇಲ್ಲ. ಫ್ಲ್ಯಾಶಪ್ಪ ಜೀವಮಾನದಲ್ಲಿ ತೆಗೆದ ಫೋಟೋಗಳಲ್ಲೆಲ್ಲ ಅದಕ್ಕಿಂತ ಚೆನ್ನಾದದ್ದು ಇರಲಿಲ್ಲ. ಅದನ್ನೇ ಆಲ್ಬಮ್ಮಿನ ಮುಖಪುಟಕ್ಕೆ ಹಾಕಬೇಕೆಂದು ತೀರ್ಮಾನಿಸಿ, ಇದು ಯಾರ ಮಗು ಎಂದು ಕೇಳಿ ಇಬ್ಬರು ಅಕ್ಕಂದಿರಿಗೂ ಫೋನಿನಲ್ಲಿ ಕಳಿಸಿದ. ಇದು ಅವನು ಮಾಡಿದ ಎರಡನೆಯ ತಪ್ಪು.

ದೊಡ್ಡಕ್ಕ ಕೂಡಲೇ ಫೋನ್ ಮಾಡಿದಳು. “ನನ್ನ ಮಗಳು ಕಣೋ! ಆ ಗಲ್ಲ ನೋಡು, ಅಚ್ಚು ಅವರಪ್ಪಂದು. ಇದನ್ನೂ ಕೇಳಬೇಕಾ?”

ಚಿಕ್ಕಕ್ಕ ಸ್ವಲ್ಪ ತಡವಾಗಿ ಮಾಡಿದಳು. “ಇದು ನನ್ನ ಮಗ. ಇಷ್ಟು ವರ್ಷ ಎಲ್ಲಿ ಬಚ್ಚಿಟ್ಟಿದ್ದೆ ಇದನ್ನ? ಅಮ್ಮ ಅವನನ್ನ ಎತ್ಕೊಂಡಿರೋ ಒಂದು ಫೋಟೋನೂ ಇಲ್ಲ ಅಂದ್ಕೊಂಡಿದ್ದೆ ನಾನು.”

ಚಿಕ್ಕಕ್ಕ ತಾನೇ ನೋಡಿ ಮೆಚ್ಚಿದವನನ್ನು ಮದುವೆಯಾದವಳು. ಅಮ್ಮ ಒಂದು ವರ್ಷ ಅವಳ ಜೊತೆ ಮಾತು ಬಿಟ್ಟಿದ್ದಳು. ಹೊಟ್ಟೆ ದೊಡ್ಡದಾದ ಮೇಲೆ ತಾನೇ ಹೋಗಿ ಕರೆದುಕೊಂಡು ಬಂದಿದ್ದಳು, ನಿಜ. ಆದರೆ ದೊಡ್ಡಕ್ಕನ ಮಗಳಿಗೆ ಸಿಕ್ಕಷ್ಟು ತೊಡೆ ತನ್ನ ಮಗನಿಗೆ ಸಿಗಲಿಲ್ಲ ಎಂಬ ಕೊರಗು ಚಿಕ್ಕಕ್ಕನ ಒಳಗೆ ಹಾಗೇ ಉಳಿದಿತ್ತು. “ನನ್ನ ಮಗನ ಸರದಿ ಬರೋ ಹೊತ್ತಿಗೆ ಅಮ್ಮನಿಗೆ ಸೊಂಟ ನೋವು ಶುರುವಾಗ್ತಿತ್ತು,” ಎಂದು ಅವಳು ನಗುನಗುತ್ತಾ ಹೇಳುವುದನ್ನು ಎಲ್ಲರೂ ಕೇಳಿದ್ದರು. ನಗುನಗುತ್ತಾ ಹೇಳುತ್ತಿದ್ದುದರಿಂದ ಯಾರೂ ಅದನ್ನು ಕಿವಿಗೆ ಹಾಕಿಕೊಂಡಿರಲಿಲ್ಲ.

ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುವುದಕ್ಕೆ ಒಂದು ಮಧ್ಯಾಹ್ನ ಸಾಕಾಯಿತು. ಆಮೇಲೆ ಮನೆಯವರ ಫೋನುಗಳು ತಣ್ಣಗಾಗಲಿಲ್ಲ. ದೊಡ್ಡಕ್ಕ ಆ ಹೊದಿಕೆ ತಾನು ತಂದದ್ದೆಂದಳು. ಚಿಕ್ಕಕ್ಕ ಆ ಹೊದಿಕೆಗೆ ಅಂಚು ಹೊಲಿದದ್ದು ತಾನೆಂದಳು. ಒಬ್ಬಳು ಕಿವಿ ದೊಡ್ಡದು ಮಾಡಿ ಕಳಿಸಿದಳು, ಇನ್ನೊಬ್ಬಳು ಮೂಗು ದೊಡ್ಡದು ಮಾಡಿ ಕಳಿಸಿದಳು. ಈಗ ಇಪ್ಪತ್ತು ವರ್ಷದವರಾಗಿರುವ ಆ ಮಗಳನ್ನೂ ಆ ಮಗನನ್ನೂ ಕೇಳಿದ್ದಕ್ಕೆ, “ಯಾರಾದರೇನು, ಇಬ್ಬರೂ ಬೋಳು,” ಎಂದು ಇಬ್ಬರೂ ಒಂದೇ ಉತ್ತರ ಕೊಟ್ಟರು.

ಫ್ಲ್ಯಾಶಪ್ಪ ಅಮ್ಮನ ಕೋಣೆಗೆ ಹೋದ. ಅಮ್ಮ ಟಿವಿಯಲ್ಲಿ ಕುಸ್ತಿ ನೋಡುತ್ತಿದ್ದಳು. ಚಡ್ಡಿ ಹಾಕಿದ ದೈತ್ಯನೊಬ್ಬ ಇನ್ನೊಬ್ಬ ದೈತ್ಯನನ್ನು ತಲೆಯ ಮೇಲೆತ್ತಿದ್ದ.

“ಬಿಸಾಡು ಅವನನ್ನ! ಏನು ಮುದ್ದು ಮಾಡ್ತಿದ್ದೀಯಾ?” ಎಂದು ಅಮ್ಮ ಕೂಗಿದಳು.

“ಅಮ್ಮ, ಈ ಮಗು ಯಾರು ಹೇಳು.”

ಅಮ್ಮ ಫೋನನ್ನು ಮೂಗಿನ ಹತ್ತಿರ ತಂದಳು, ದೂರ ಹಿಡಿದಳು. “ನಾನು ಚೆನ್ನಾಗಿ ಕಾಣ್ತಿದೀನಲ್ಲ. ಹಲ್ಲಿಲ್ಲದಿದ್ರೂ ಲಕ್ಷಣವಾಗಿದೀನಿ.”

“ನೀನಲ್ಲ, ಮಗು.”

“ಎಷ್ಟು ಮಕ್ಕಳು ಈ ತೊಡೆ ಮೇಲೆ ಉಚ್ಚೆ ಹೊಯ್ದಿವೆಯೋ, ನೀನೂ ಸೇರಿ. ಮುಖ ನೆನಪಿಟ್ಕೊಳೋಕಾಗುತ್ತಾ? ಎಲ್ಲ ಬೇಯಿಸಿದ ಆಲೂಗಡ್ಡೆ ಥರ ಇರ್ತಾವೆ. ಪಕ್ಕಕ್ಕೆ ಸರಿ, ಅವನು ಬಿಸಾಡ್ತಾನೆ ಈಗ.”

ಒಂದು ನಕಲು ದೊಡ್ಡ ಭಾವನ ಹತ್ತಿರ ಇರಬೇಕೆಂದು ಫ್ಲ್ಯಾಶಪ್ಪನಿಗೆ ನೆನಪಾಯಿತು. ಆಗೆಲ್ಲ ಅವನು ಫೋಟೋಗಳನ್ನು ಸಿಡಿಗೆ ಹಾಕಿ ಹಂಚುತ್ತಿದ್ದ. ದೊಡ್ಡ ಭಾವ ವಿಮಾ ಕಂಪನಿಯಲ್ಲಿ ಇದ್ದವರು, ಒಂದು ಚೂರು ಕಾಗದವನ್ನೂ ಎಸೆಯುವವರಲ್ಲ. ಹೋಗಿ ಕೇಳಿದರೆ, “ಸಿಡಿಗಳಾ? ಭದ್ರವಾಗಿವೆ, ಬಾ,” ಎಂದು ಬಾಲ್ಕನಿಗೆ ಕರೆದುಕೊಂಡು ಹೋದರು. ಪಾರಿವಾಳಗಳು ಬರದಿರಲೆಂದು ಸಿಡಿಗಳನ್ನೆಲ್ಲ ದಾರಕ್ಕೆ ಪೋಣಿಸಿ ನೇತುಹಾಕಿದ್ದರು. ಬಿಸಿಲಿಗೆ ಅವುಗಳ ಬೆನ್ನು ಸುಲಿದು, ಆಚೆಯ ಬೀದಿ ಕಾಣುತ್ತಿತ್ತು. ಒಂದರ ಮೇಲೆ ಪಾರಿವಾಳವೇ ತನ್ನ ಅಭಿಪ್ರಾಯ ಬಿಟ್ಟುಹೋಗಿತ್ತು.

ಕೊನೆಗೆ ದಾರಿ ತೋರಿಸಿದ್ದು ಹೆಂಡತಿ. “ಆ ಹಳೇ ಕ್ಯಾಮೆರಾ ಎಲ್ಲಿ? ಅದರೊಳಗಿನ ಕಾರ್ಡ್ ಅಳಿಸಿದ್ರಾ?”

ಕ್ಯಾಮೆರಾ ಹೊಲಿಗೆ ಯಂತ್ರದ ಖಾನೆಯಲ್ಲಿ, ಗುಂಡಿಗಳ ಕೆಳಗೆ ಸಿಕ್ಕಿತು. ಜೀವ ಹೋಗಿತ್ತು, ಆದರೆ ಕಾರ್ಡು ಒಳಗೇ ಇತ್ತು. ಫ್ಲ್ಯಾಶಪ್ಪ ಅದನ್ನು ಕಂಪ್ಯೂಟರಿಗೆ ತುರುಕಲು ಹೊರಟಾಗ ಹೆಂಡತಿ ಕೈಗೆ ಹೊಡೆದಳು. ಕಾರ್ಡಿನ ಪಕ್ಕದಲ್ಲಿದ್ದ ಕಡ್ಡಿಯಷ್ಟು ಸಣ್ಣ ಬೀಗವನ್ನು ಉಗುರಿನಿಂದ ಕೆಳಗೆ ತಳ್ಳಿದಳು. “ಇನ್ನು ಇದನ್ನ ಓದಬಹುದು, ಬರೆಯೋಕಾಗಲ್ಲ. ನಿಮ್ಮ ಬೆರಳಿನ ಮೇಲೆ ನನಗೆ ನಂಬಿಕೆ ಇಲ್ಲ.”

ಸುದ್ದಿ ತಿಳಿದದ್ದೇ ತಡ, ತಾವಿಲ್ಲದೆ ಕಾರ್ಡ್ ತೆರೆಯಕೂಡದೆಂದು ಅಕ್ಕಂದಿರಿಬ್ಬರೂ ಅಪ್ಪಣೆ ಮಾಡಿದರು. ಮುಂದಿನ ಭಾನುವಾರ ಎಲ್ಲರೂ ಸೇರಿದರು. ದೊಡ್ಡಕ್ಕನ ಜೊತೆ ದೊಡ್ಡ ಭಾವ ಬಂದರು. ಚಿಕ್ಕಕ್ಕನ ಗಂಡ ಬುದ್ಧಿವಂತ, ತಲೆನೋವೆಂದು ಹೇಳಿ ಮನೆಯಲ್ಲೇ ಉಳಿದ. ಸೋಫಾದ ಆ ತುದಿಗೆ ಒಬ್ಬಳು, ಈ ತುದಿಗೆ ಒಬ್ಬಳು ಕೂತರು. ನಡುವೆ ಅಮ್ಮ, ಕುಸ್ತಿ ತಪ್ಪಿಹೋಯಿತೆಂಬ ಸಿಟ್ಟಿನಲ್ಲಿ.

ಹೆಂಡತಿ ಆಸ್ಪತ್ರೆಯಿಂದ ಎರವಲು ತಂದಿದ್ದ ಕಾರ್ಡ್ ಓದುವ ಸಾಧನಕ್ಕೆ ಅದನ್ನು ಹಾಕಿದಳು. ಎಲ್ಲಕ್ಕಿಂತ ಮೊದಲು ಇಡೀ ಕಾರ್ಡನ್ನು ಹಾಗೇ ಎರಡು ಕಡೆ ನಕಲು ಮಾಡಿದಳು. ಆಮೇಲೆ ಫೋಟೋ ತೆರೆಯಿತು. ಮಂಕಾಗಿದೆ, ಹಳದಿಯಾಗಿದೆ, ಆದರೆ ಅದೇ. ಇಬ್ಬರೂ ಬಾಯಿ ತೆರೆದು ನಗುತ್ತಿದ್ದಾರೆ. ಪಕ್ಕದಲ್ಲಿ ಸಾಲಾಗಿ ಮಾಹಿತಿ: ಕ್ಯಾಮೆರಾದ ಹೆಸರು, ಫ್ಲ್ಯಾಶ್ ಹೌದು, ತಾರೀಕು.

ದೊಡ್ಡ ಭಾವ ಕನ್ನಡಕ ಸರಿಮಾಡಿಕೊಂಡು ಓದಿದರು. “ಎರಡು ಸಾವಿರನೇ ಇಸವಿ, ಜನವರಿ? ಆಗ ಈ ಕ್ಯಾಮೆರಾನೇ ಇರಲಿಲ್ಲವಲ್ಲೋ! ಈ ಪುರಾವೆ ನಡೆಯಲ್ಲ. ನಮ್ಮ ಕಂಪನಿಯಾಗಿದ್ರೆ ಇದನ್ನ ಬಾಗಿಲಿಂದಲೇ ವಾಪಸ್ ಕಳಿಸ್ತಿದ್ವಿ.”

ಎಲ್ಲರೂ ಫ್ಲ್ಯಾಶಪ್ಪನ ಕಡೆ ತಿರುಗಿದರು. ಅವನು ಕ್ಯಾಮೆರಾ ಕೊಂಡಾಗ ಅದರ ಗಡಿಯಾರ ಸರಿಪಡಿಸಿಯೇ ಇರಲಿಲ್ಲ. ಕಾರ್ಖಾನೆಯಲ್ಲಿ ಇಟ್ಟ ತಾರೀಕಿನಿಂದಲೇ ಅದು ತನ್ನ ಪಾಡಿಗೆ ಎಣಿಸಿಕೊಂಡು ಹೋಗಿತ್ತು. ದೊಡ್ಡಕ್ಕ ಹಣೆ ಚಚ್ಚಿಕೊಂಡಳು. ಇವನು ಅಳಿಸದೆ ಬಿಟ್ಟದ್ದೂ ಸುಳ್ಳೇ ಎಂದು ಚಿಕ್ಕಕ್ಕ ಗೊಣಗಿದಳು.

“ತಾರೀಕು ತಪ್ಪು ಅತ್ತಿಗೆ,” ಎಂದಳು ಹೆಂಡತಿ, “ಆದರೆ ಎಲ್ಲದಕ್ಕೂ ಒಂದೇ ಅಳತೆಯಲ್ಲಿ ತಪ್ಪು. ಹಾಗಾಗಿ ಯಾವುದು ಮೊದಲು, ಯಾವುದು ಆಮೇಲೆ ಅನ್ನೋದು ಸರಿಯಾಗೇ ಇರುತ್ತೆ. ಇದರ ನಂತರದ್ದು ನೋಡೋಣ.” ಒತ್ತಿದಳು.

ಮುಂದಿನ ಫೋಟೋ. ಅದೇ ದಿನ, ಕೆಲವೇ ನಿಮಿಷಗಳ ನಂತರ. ಅದೇ ಹಜಾರ, ಅದೇ ಕುರ್ಚಿ. ಆ ಕುರ್ಚಿಯಲ್ಲಿ ಯಾರು ಕೂರಬೇಕೆಂದು ಮುಖ ಗಂಟಿಕ್ಕಿಕೊಂಡು ನಿಂತಿರುವ ದೊಡ್ಡಕ್ಕ ಮತ್ತು ಚಿಕ್ಕಕ್ಕ. ಇಬ್ಬರ ಹೊಟ್ಟೆಯೂ ಇಷ್ಟೆತ್ತರ. ಬದಿಯಿಂದ ತೆಗೆದದ್ದರಿಂದ ಸಂಶಯಕ್ಕೆ ಎಡೆಯೇ ಇಲ್ಲ.

ಈ ಫೋಟೋವನ್ನು ಅವರೆಲ್ಲ ಮೊದಲೇ ನೋಡಿದ್ದರು. ಹೊಟ್ಟೆ ನೋಡಿ ಇದು ಹೆರಿಗೆಗೆ ಮೊದಲಿನದೆಂದು ಫ್ಲ್ಯಾಶಪ್ಪ ಮೊದಲ ಪುಟದಲ್ಲಿ ಹಾಕಿಯೂ ಆಗಿತ್ತು. ನಗುವ ಮಗುವಿನ ಪಕ್ಕದಲ್ಲಿ ಅದು ನಿಲ್ಲಬೇಕೆಂದು ಮಾತ್ರ ಯಾರಿಗೂ ಗೊತ್ತಾಗಿರಲಿಲ್ಲ. ಅದನ್ನು ಹೇಳಬೇಕಾದ ಸಾಲನ್ನು ಅವನೇ ಹಗುರ ಮಾಡಿದ್ದ.

ಇಬ್ಬರ ಮಕ್ಕಳೂ ಇನ್ನೂ ಒಳಗಿದ್ದರು. ಈ ಮಗು ಹೊರಗಿತ್ತು.

ದೊಡ್ಡ ಭಾವ ನಿಧಾನಕ್ಕೆ ಫ್ಲ್ಯಾಶಪ್ಪನ ಕಡೆ ನೋಡಿದರು. “ಅಲ್ಲಪ್ಪಾ... ನಿನ್ನದೇನಾದರೂ...?”

ಹೆಂಡತಿಯೂ ಕುರ್ಚಿ ತಿರುಗಿಸಿ ನೋಡಿದಳು.

“ಅಯ್ಯೋ ಭಾವ! ಆಗ ಫೋಟೋ ತೆಗೆಸ್ಕೊಳೋಕೂ ನನ್ನ ಮುಂದೆ ಹುಡುಗಿಯರು ನಿಲ್ತಿರಲಿಲ್ಲ!”

“ಅದು ನಿಜ,” ಎಂದಳು ಹೆಂಡತಿ. ಅಷ್ಟು ಬೇಗ ಒಪ್ಪಿಕೊಂಡದ್ದು ಅವನಿಗೆ ಇಷ್ಟವಾಗಲಿಲ್ಲ.

ಅಷ್ಟರಲ್ಲಿ ಅಮ್ಮ ಮುಂದಕ್ಕೆ ಬಾಗಿ ಪರದೆಯನ್ನೇ ನೋಡುತ್ತಿದ್ದವಳು ತೊಡೆ ತಟ್ಟಿಕೊಂಡು ನಗಲು ಶುರುಮಾಡಿದಳು. “ಓಹೋ! ಇದು ನೀರಿನ ಮೀಟರ್ ನೋಡೋಕೆ ಬರ್ತಿದ್ದಳಲ್ಲ, ಆ ಹೆಂಗಸಿನ ಮಗು! ಮೀಟರು ಆ ಮನೇಲಿ ಮೆಟ್ಟಿಲ ಕೆಳಗೆ ಸಂದಿಯಲ್ಲಿತ್ತು. ಮಗು ಕಟ್ಕೊಂಡು ಒಳಗೆ ನುಗ್ಗೋಕಾಗಲ್ಲ ಅಂತ ನನ್ನ ತೊಡೆ ಮೇಲೆ ಇಟ್ಟು ಹೋದಳು. ನಾನು ಹಲ್ಲು ತೊಳೆಯೋಕೆ ಹಾಕಿದ್ದೆ. ನನ್ನ ಬಾಯಿ ನೋಡಿ ಅದಕ್ಕೆ ನಗು, ಅದರ ಬಾಯಿ ನೋಡಿ ನನಗೆ ನಗು.”

ಸೋಫಾದ ಎರಡು ತುದಿಗಳೂ ಒಂದಾದವು.

“ಏನಮ್ಮಾ ಇದು!” ದೊಡ್ಡಕ್ಕ ಎದ್ದು ನಿಂತಳು. “ನನ್ನ ಮಗಳ ಜೊತೆ ನೀನು ಹೀಗೆ ನಕ್ಕಿದ್ದು ಒಂದು ಫೋಟೋ ತೋರಿಸು ನೋಡೋಣ!”

“ನಗಿಸಿದ್ರೆ ತಾನೇ ನಗೋದು? ನಿನ್ನ ಮಗಳು ಹುಟ್ಟಿದಾಗಿಂದ ನಿದ್ದೆ. ಮೂಟೆ ಹೊತ್ತ ಹಾಗೆ ಹೊತ್ಕೊಂಡು ತಿರುಗ್ತಿದ್ದೆ. ಇವಳ ಮಗ ಬರೀ ಅಳು. ಆ ಮೀಟರ್ ಮಗುವೇ ನೋಡು, ಬಂದು, ನಕ್ಕು, ಒಂದು ತೊಟ್ಟೂ ಹೊಯ್ಯದೆ ಹೋಯ್ತು.”

ದೊಡ್ಡಕ್ಕ ಇನ್ನೂ ಜಗಳಕ್ಕೆ ಉಸಿರೆಳೆದುಕೊಳ್ಳುತ್ತಿದ್ದಳು. ಚಿಕ್ಕಕ್ಕ ಮಾತ್ರ ಬ್ಯಾಗನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಜಿಪ್ಪನ್ನು ಎಳೆಯುವುದು, ಬಿಡುವುದು ಮಾಡುತ್ತಿದ್ದಳು.

“ಮೀಟರ್ ಹೆಂಗಸಿನ ಮಗುವನ್ನ ಎತ್ಕೊಂಡೆ,” ಎಂದಳು. ಈ ಸಲ ನಗುನಗುತ್ತಾ ಹೇಳಲಿಲ್ಲ. “ನನ್ನ ಮಗನನ್ನ ಎತ್ಕೊಂಡಿದ್ದು ಒಂದಾದರೂ ಇದೆಯಾ ಅಮ್ಮ?”

ಅಮ್ಮ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. ಫ್ಲ್ಯಾಶಪ್ಪನಿಗೆ ಕೂತಲ್ಲಿ ಕೂರಲಾಗಲಿಲ್ಲ. ಆಲ್ಬಮ್ಮಿನ ಯೋಚನೆ ಮಾಡಿದ್ದೇ ತಪ್ಪಾಯಿತು, ಒಂದು ಗಡಿಯಾರ ತಂದುಕೊಟ್ಟಿದ್ದರೆ ಮುಗಿಯುತ್ತಿತ್ತು ಎನಿಸಿತು.

ಹೆಂಡತಿ ಮಾತ್ರ ಮೌಸ್ ಹಿಡಿದ ಕೈ ನಿಲ್ಲಿಸದೆ ಒಂದೊಂದೇ ಮುಂದೆ ಸರಿಸುತ್ತಿದ್ದಳು. “ರೀ, ಇವು ಯಾವುವು? ನಿಮ್ಮ ಫೋಲ್ಡರಿನಲ್ಲಿ ಇರಲಿಲ್ಲ.”

“ಅವು ಕೆಟ್ಟು ಹೋದವು. ಅಲ್ಲಾಡಿವೆ ನೋಡು. ಚೆನ್ನಾಗಿರೋದನ್ನ ಮಾತ್ರ ಕಂಪ್ಯೂಟರಿಗೆ ಹಾಕಿಕೊಂಡಿದ್ದೆ.”

ನಿಜವಾಗಿಯೂ ಕೆಟ್ಟು ಹೋಗಿದ್ದವು. ಮೊದಲನೆಯದರಲ್ಲಿ ಒಂದು ಬೂದು ಗೋಡೆ, ಅದರ ಮುಂದೆ ಹೊಗೆಯಂತೆ ಎಳೆದುಹೋದ ಒಂದು ಆಕಾರ. ಎರಡನೆಯದರಲ್ಲಿ ಆ ಹೊಗೆಗೆ ಅಮ್ಮನ ಜಡೆ ಇತ್ತು. ಮೂರನೆಯದರಲ್ಲಿ ಹೆಗಲ ಮೇಲೆ ಒಂದು ಸಣ್ಣ ತಲೆ, ಅದರ ಕೆಳಗೆ ತಟ್ಟುತ್ತಿರುವ ಕೈ ಮೂರು ಕೈಯಾಗಿತ್ತು. ಅಂಥವು ಇನ್ನೂ, ಇನ್ನೂ. ಅಡುಗೆಮನೆ, ಹಜಾರ, ಕಿಟಕಿ. ಬೇರೆ ಬೇರೆ ದಿನ, ಬೇರೆ ಬೇರೆ ಹೊತ್ತು, ಎಲ್ಲ ಮಸುಕು.

“ಎಲ್ಲ ಫೋಟೋದಲ್ಲೂ ಫ್ಲ್ಯಾಶ್ ಹೌದು ಅಂತ ಇದೆ,” ಎಂದಳು ಹೆಂಡತಿ. “ಇವುಗಳಲ್ಲಿ ಮಾತ್ರ ಇಲ್ಲ. ನೀವು, ಫ್ಲ್ಯಾಶ್ ಇಲ್ಲದೆ? ಅದಕ್ಕೇ ಅಲ್ಲಾಡಿರೋದು, ಬೆಳಕು ಸಾಲದೆ.”

ಫ್ಲ್ಯಾಶಪ್ಪ ತಲೆ ಕೆರೆದುಕೊಂಡ. ಅವನಿಗೆ ನೆನಪಿರಲಿಲ್ಲ. ಉತ್ತರ ಕೊಟ್ಟದ್ದು ಅಮ್ಮ.

“ನಾನೇ ಬೈದಿದ್ದೆ. ಅಷ್ಟು ಕಷ್ಟಪಟ್ಟು ಮಲಗಿಸಿದ್ದೀನಿ, ಆ ಮಗುವಿನ ಮುಖಕ್ಕೆ ಬೆಂಕಿ ಹಚ್ಚಿದ್ರೆ ನಿನ್ನ ಕ್ಯಾಮೆರಾ ಬಾವಿಗೆ ಹಾಕ್ತೀನಿ ಅಂದಿದ್ದೆ.” ಆಮೇಲೆ ಚಿಕ್ಕಕ್ಕನ ಕಡೆ ತಿರುಗದೆ, ಪರದೆ ನೋಡುತ್ತಲೇ ಹೇಳಿದಳು. “ಇವಳ ಮಗ. ಇವಳಿಗೆ ಹೆರಿಗೆಯಾದ ಮೇಲೆ ಜ್ವರ ಬಂದು ಇಳೀಲೇ ಇಲ್ಲವಲ್ಲ. ಮಗು ಅತ್ತರೆ ಇವಳು ಎದ್ದು ಕೂತ್ಕೊಳ್ಳೋಳು. ಅದಕ್ಕೇ ಎತ್ಕೊಂಡು ಆಚೆ ಬಂದುಬಿಡ್ತಿದ್ದೆ. ನಿಂತರೆ ಅಳು, ಕೂತರೆ ಅಳು. ನಡೀತಾನೇ ಇರಬೇಕು. ಮೀನಿನ ಥರ ಜಾರೋನು, ಹಾಳಾದವನು. ಸೊಂಟ ನೋವು ಮತ್ತೆ ಹೇಗೆ ಬಂತು ಅಂದ್ಕೊಂಡೆ?”

ಹೆಂಡತಿ ಇನ್ನೊಂದನ್ನು ತೆರೆದಳು. ಇದರಲ್ಲಿ ಅಮ್ಮನ ಹಿಂದೆ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಮಂಚದ ಮೇಲೆ, ಬಾಯಿ ತೆರೆದುಕೊಂಡು, ಲೋಕದ ಪರಿವೆಯಿಲ್ಲದೆ ಮಲಗಿದ್ದಳು ಚಿಕ್ಕಕ್ಕ. ಅವಳು ಅಲ್ಲಾಡಿರಲಿಲ್ಲವಾದ್ದರಿಂದ ಆ ಫೋಟೋದಲ್ಲಿ ಅವಳೊಬ್ಬಳೇ ಸ್ಪಷ್ಟವಾಗಿ ಕಾಣುತ್ತಿದ್ದಳು.

ಚಿಕ್ಕಕ್ಕ ಎದ್ದು ಬಂದು ಪರದೆಯ ಮುಂದೆ ನೆಲದ ಮೇಲೇ ಕೂತಳು. ಪಕ್ಕದ ಸಾಲುಗಳನ್ನು ಬೆರಳಿಟ್ಟು ಓದಿದಳು. ಫ್ಲ್ಯಾಶ್, ಇಲ್ಲ. ಮುಂದಿನದು. ಫ್ಲ್ಯಾಶ್, ಇಲ್ಲ. “ನನಗೆ ಗೊತ್ತೇ ಇರಲಿಲ್ಲ,” ಎಂದಳು.

“ಗೊರಕೆ ಹೊಡೀತಿದ್ದರೆ ಹೇಗೆ ಗೊತ್ತಾಗುತ್ತೆ?” ಎಂದಳು ಅಮ್ಮ. ಆದರೆ ಕೈ ಚಾಚಿ ಅವಳ ತಲೆಯ ಮೇಲಿಟ್ಟಳು, ಇಟ್ಟವಳು ಬೇಗ ತೆಗೆಯಲಿಲ್ಲ. ಚಿಕ್ಕಕ್ಕ ಮೂಗು ಸೀಟಿಕೊಂಡಳು. ದೊಡ್ಡಕ್ಕನೂ ಮೂಗು ಸೀಟಿಕೊಂಡಳು. ತಂಗಿ ಅತ್ತಾಗ ತಾನೂ ಅಳುವುದು ಅವಳಿಗೆ ಚಿಕ್ಕಂದಿನಿಂದಲೂ ರೂಢಿ. ದೊಡ್ಡ ಭಾವ ಎದ್ದು ಬಾಲ್ಕನಿ ಎಲ್ಲಿದೆ ಎಂದು ಹುಡುಕಿದರು. ಈ ಮನೆಗೆ ಬಾಲ್ಕನಿ ಇರಲಿಲ್ಲ.

ಆಮೇಲೆ ಫ್ಲ್ಯಾಶಪ್ಪ ಹೆಂಡತಿಯ ಕಣ್ಣೆದುರೇ ಕೆಲಸ ಮಾಡಲು ಕಲಿತ. ಕಾರ್ಡಿಗೆ ಬೀಗ. ನಕಲಿನ ಮೇಲೆ ಮಾತ್ರ ಕೈ. ತಿದ್ದಿದ್ದನ್ನು ಬೇರೆ ಹೆಸರಲ್ಲಿ ಉಳಿಸುವುದು, ಉಳಿಸುವಾಗ ‘ಮಾಹಿತಿಯನ್ನು ಹಾಗೇ ಇಡು’ ಎಂಬಲ್ಲಿ ಗುರುತು ಹಾಕುವುದು, ಹಾಕಿದ ಮೇಲೂ ತೆರೆದು ನೋಡುವುದು. ಕಾರ್ಡಿನಲ್ಲಿ ಸಿಕ್ಕಿದ್ದು ಮೊದಲ ಒಂದು ವರ್ಷದ ಫೋಟೋಗಳು ಮಾತ್ರ. ಉಳಿದವು ಇವತ್ತಿಗೂ ದೊಡ್ಡ ಭಾವನ ತಲೆಯ ಆಧಾರದ ಮೇಲೆಯೇ ನಿಂತಿವೆ. ಮಸುಕು ಫೋಟೋಗಳನ್ನು ಸ್ವಲ್ಪ ಚೊಕ್ಕ ಮಾಡಲೇ ಎಂದು ಅವನು ಕೇಳಿದಾಗ ಚಿಕ್ಕಕ್ಕ ಫೋನಿನಲ್ಲೇ ಅರಚಿದಳು.

“ಮುಟ್ಟಿದ್ರೆ ಕೈ ಮುರೀತೀನಿ! ಆ ಮೂರು ಕೈ ಮೂರೂ ಇರಬೇಕು.”

ಹುಟ್ಟುಹಬ್ಬದ ದಿನ ಆಲ್ಬಂ ಬಂತು. ಮುಖಪುಟಕ್ಕೆ ಯಾವ ಮಗುವನ್ನು ಹಾಕಬೇಕೆಂಬ ವಾದವನ್ನು ಅಮ್ಮನೇ ಮುಗಿಸಿದ್ದಳು. ಯಾವ ಮಗುವೂ ಬೇಡ, ಹುಟ್ಟಿದ ದಿನ ನನ್ನದು ಎಂದು ಹೇಳಿ, ತಾನೊಬ್ಬಳೇ ಯಾರದೋ ಸ್ಕೂಟರ್ ಮೇಲೆ ಕೂತು ಹ್ಯಾಂಡಲ್ ಹಿಡಿದಿರುವ ಫೋಟೋ ಆರಿಸಿದ್ದಳು. ಸೊಂಟ ಸ್ವಲ್ಪ ತೆಳ್ಳಗೆ ಮಾಡಿಸಿಕೊಂಡಿದ್ದಳು ಕೂಡ. ನಕಲಿನ ಮೇಲೆಯೇ, ಮಾಹಿತಿ ಉಳಿಸಿಯೇ.

ಬಂದ ನೆಂಟರೆಲ್ಲ ಪುಟ ತಿರುಗಿಸಿದರು. ಚಿಕ್ಕಕ್ಕನ ಮಗ, ಆರಡಿ ಬೆಳೆದವನು, ತನ್ನ ಮಸುಕು ಪುಟವನ್ನು ತಿರುಗಿಸಿ ಮುರುಗಿಸಿ ನೋಡಿ, “ಇದರಲ್ಲಿ ನಾನೆಲ್ಲಿ, ಗೋಡೆ ಎಲ್ಲಿ?” ಎಂದು ಕೇಳಿದ. ಅವನಮ್ಮ ತಲೆಗೊಂದು ಬಿಟ್ಟು ತೋರಿಸಿದಳು. ದೊಡ್ಡಕ್ಕ ತನ್ನ ಮಗಳು ಎಲ್ಲ ಪುಟದಲ್ಲೂ ನಿದ್ದೆ ಮಾಡುತ್ತಿರುವುದಕ್ಕೆ ತಮ್ಮನನ್ನು ಬೈದಳು.

ನಗುವ ಮಗುವಿಗೂ ಒಂದು ಇಡೀ ಪುಟ ಸಿಕ್ಕಿತ್ತು. ಅದರ ಕೆಳಗೆ ಏನು ಬರೆಸಬೇಕೆಂದು ಫ್ಲ್ಯಾಶಪ್ಪ ಮೊದಲೇ ಕೇಳಿದ್ದ. ಅಮ್ಮ ಟಿವಿಯಿಂದ ಕಣ್ಣು ತೆಗೆಯದೆ ಹೇಳಿದ್ದಳು: “ಹೆಸರು ಗೊತ್ತಿಲ್ಲ, ನೀರಿನ ಮೀಟರಿನವಳ ಮಗು, ಒಳ್ಳೇ ಗುಣ ಅಂತ ಬರೆಸು.” ಹಾಗೇ ಬರೆಸಿದ್ದ. ನೆಂಟರಲ್ಲಿ ಒಬ್ಬರು ಅದನ್ನು ಗಟ್ಟಿಯಾಗಿ ಓದಿ, ಇದು ಯಾವ ಕಡೆಯ ಸಂಬಂಧ ಎಂದು ಕೇಳಿದರು. ಅಮ್ಮ ಬಾಯಲ್ಲಿದ್ದ ಕೇಕು ನುಂಗಿ, ಹಲ್ಲು ಸರಿಮಾಡಿಕೊಂಡು, ಕಥೆಯನ್ನು ಮೊದಲಿಂದ ಶುರುಮಾಡಿದಳು.